ಕೀಪರನನ್ನು ಉಳಿಸಿಕೊಂಡ ಮಳೆಗಾಲ

ನಾನು ಒಂದು ದಿನವೂ ಫುಟ್‌ಬಾಲ್ ಆಡಿದವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಆಡದವರಿಗೇ ಆಟದ ಬಗ್ಗೆ ಅಭಿಪ್ರಾಯ ಹೆಚ್ಚು. ಕಡಬ ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ಆಗಾಗ ಕಾಗದ ನುಂಗಿ ಕೂರುವ ಒಂದು ಜೆರಾಕ್ಸ್ ಮೆಶಿನ್. ಜನರ ಅರ್ಜಿ ತುಂಬಿಸುವುದು ನನ್ನ ಹೊಟ್ಟೆಪಾಡು. ನಮ್ಮೂರಿನ ಸೆವೆನ್ಸ್ ಟೀಮು, ಅಂದರೆ ಏಳೇ ಜನ ಆಡುವ ಫುಟ್‌ಬಾಲಿನ ತಂಡ, ನನ್ನ ಹುಚ್ಚು. ಪುತ್ತೂರಿರಲಿ, ಸುಳ್ಯವಿರಲಿ, ನಮ್ಮ ಟೀಮು ಆಡಿದ ಒಂದು ಮ್ಯಾಚನ್ನೂ ನಾನು ತಪ್ಪಿಸಿದವನಲ್ಲ. ನನ್ನ ಮದುವೆಯ ಮರುದಿನ ಆಲೆಟ್ಟಿಯಲ್ಲಿ ಮ್ಯಾಚ್ ಇತ್ತು. ಅದಕ್ಕೂ ಹೋಗಿದ್ದೆ. ಹೆಂಡತಿ ಅದನ್ನು ಇನ್ನೂ ಮರೆತಿಲ್ಲ.

ಟಿ.ವಿ.ಯಲ್ಲಿ ಬರುವ ದೊಡ್ಡ ಕ್ಲಬ್ಬುಗಳು ಸೀಸನ್ ಮುಗಿದ ಮೇಲೆ ಆಟಗಾರರನ್ನು ಕೊಳ್ಳುತ್ತವೆ, ಮಾರುತ್ತವೆ. ನಮ್ಮಲ್ಲಿ ಕೊಳ್ಳುವುದೂ ಇಲ್ಲ, ಮಾರುವುದೂ ಇಲ್ಲ. ಮಳೆ ಹಿಡಿಯಿತು ಎಂದರೆ ಮೈದಾನ ಗದ್ದೆಯಾಗುತ್ತದೆ, ಆಟ ನಿಲ್ಲುತ್ತದೆ. ಮತ್ತೆ ಶುರುವಾಗುವುದು ನವರಾತ್ರಿ ಕಳೆದ ಮೇಲೆ. ನಡುವಿನ ನಾಲ್ಕು ತಿಂಗಳಲ್ಲಿ ಟೀಮನ್ನು ಕೆಡವಿ ಕಟ್ಟುವುದು ಎರಡೇ ಸಂಗತಿಗಳು, ವೀಸಾ ಮತ್ತು ಮದುವೆ. ವೀಸಾ ಬಂದವನು ವಿಮಾನ ಹತ್ತುತ್ತಾನೆ. ಮದುವೆಯಾದವನನ್ನು ಹೆಂಡತಿಯ ಊರಿನ ಟೀಮಿನವರು ಆಡಲು ಕರೆಯುತ್ತಾರೆ. ಹೆಣ್ಣು ಕೊಟ್ಟವರು ಕರೆದರೆ ಆಗುವುದಿಲ್ಲ ಎನ್ನುವುದು ಹೇಗೆ? ಹೀಗಾಗಿ ಮಳೆಗಾಲವಿಡೀ ನಮ್ಮ ಅಂಗಡಿಯಲ್ಲಿ ಇದೇ ಚರ್ಚೆ. ಯಾರ ರಜೆ ಯಾವಾಗ ಮುಗಿಯುತ್ತದೆ, ಯಾರಿಗೆ ಎಲ್ಲಿ ಹೆಣ್ಣು ನೋಡುತ್ತಿದ್ದಾರೆ, ಎಲ್ಲ ವರದಿಯೂ ನನಗೆ ಬಂದು ತಲುಪುತ್ತದೆ. ಯಾರ ಪಾಸ್‌ಪೋರ್ಟ್ ಹೊಸದಾಗುತ್ತಿದೆ ಎಂಬುದು ಅವನ ಮನೆಯವರಿಗಿಂತ ಮೊದಲು ನನಗೆ ಗೊತ್ತಿರುತ್ತದೆ. ಅರ್ಜಿ ತುಂಬಿಸುವವನು ನಾನೇ ಅಲ್ಲವೇ.

ನಮ್ಮ ಕೀಪರ್ ಹನ್ನೊಂದು ವರ್ಷದಿಂದ ಗೋಲಿನಲ್ಲಿ ನಿಂತವನು. ಹೊಟ್ಟೆಪಾಡಿಗೆ ಎ.ಸಿ., ಫ್ರಿಜ್ ರಿಪೇರಿ ಮಾಡುತ್ತಿದ್ದ. ವಯಸ್ಸು ಮೂವತ್ತನಾಲ್ಕು. ಎತ್ತರ ಅಷ್ಟೇನಿಲ್ಲ, ಆದರೆ ಬಾಲು ಎಲ್ಲಿಗೆ ಬರುತ್ತದೆ ಎಂದು ಹೊಡೆಯುವವನಿಗಿಂತ ಮೊದಲೇ ಅವನಿಗೆ ತಿಳಿಯುತ್ತಿತ್ತು. ಬಾಯಿಯೂ ದೊಡ್ಡದು. ಬ್ಯಾಕಿನಲ್ಲಿ ಆಡುವವರಿಗೆ ತುಳುವಿನಲ್ಲಿ ಬೈದು, ವಿಂಗಿನವನಿಗೆ ಬ್ಯಾರಿ ಭಾಷೆಯಲ್ಲಿ ಬೈದು, ಉಸಿರು ಉಳಿದರೆ ರೆಫ್ರಿಗೆ ಮಲಯಾಳದಲ್ಲಿ ಬೈಯುತ್ತಿದ್ದ. ಮ್ಯಾಚ್ ಮುಗಿದ ಮೇಲೆ ಅದೇ ಮನುಷ್ಯ ಎಲ್ಲರ ಹೆಗಲಿಗೂ ಕೈ ಹಾಕಿಕೊಂಡು ಚಹಾ ಕುಡಿಯಲು ಹೋಗುತ್ತಿದ್ದ. ಆ ವರ್ಷದ ಕೊನೆಯ ಮ್ಯಾಚು ಟೈಬ್ರೇಕರಿಗೆ ಹೋದಾಗ ಎರಡು ಪೆನಾಲ್ಟಿ ಹಿಡಿದು ನಮ್ಮನ್ನು ಗೆಲ್ಲಿಸಿದವನೂ ಅವನೇ. ನಾನು ಓಡಿ ಹೋಗಿ ಅವನನ್ನು ಎತ್ತಿಕೊಳ್ಳಲು ನೋಡಿ, ಸೊಂಟ ಹಿಡಿದು, ಒಂದು ವಾರ ಅಂಗಡಿಯಲ್ಲಿ ಬಗ್ಗಲಾರದೆ ಕೂತಿದ್ದೆ.

ಆ ವಾರವೇ ಅವನು ಅಂಗಡಿಗೆ ಬಂದು ಒಂದು ಅರ್ಜಿ ತುಂಬಿಸಲು ಹೇಳಿದ. ಸೌದಿಯಲ್ಲಿ ಒಂದು ಕಂಪನಿಗೆ ಎ.ಸಿ. ಕೆಲಸದವರು ಬೇಕಾಗಿದ್ದರು, ಮಂಗಳೂರಿನ ಒಂದು ಏಜೆನ್ಸಿಯ ಮೂಲಕ ಜನ ತೆಗೆದುಕೊಳ್ಳುತ್ತಿದ್ದರು. ವಯಸ್ಸು ಮೂವತ್ತೈದು ತುಂಬಿರಬಾರದು ಎಂಬ ನಿಯಮವಿತ್ತು. ಅವನ ಅಣ್ಣ ಆರು ವರ್ಷದಿಂದ ಅದೇ ಊರಿನಲ್ಲಿದ್ದ.

“ಅಣ್ಣ ಒಬ್ಬನೇ ಆದ್ರೆ ಉಮ್ಮನನ್ನು ಕರ್ಕೊಂಡು ಹೋಗ್ಲಿಕ್ಕೆ ಆಗುದಿಲ್ಲ,” ಎಂದ. “ಅವನಿಗೆ ರಜೆ ಸಿಕ್ಕುದಿಲ್ಲ. ನಾನು ಹೋದ್ರೆ ಇಬ್ಬರಲ್ಲಿ ಒಬ್ಬರಾದ್ರೂ ಅವರ ಒಟ್ಟಿಗೆ ಇರ್ಬಹುದು. ಮೆಕ್ಕಾಕ್ಕೆ ಕರ್ಕೊಂಡು ಹೋಗಿ ಒಂದು ಉಮ್ರಾ ಮಾಡಿಸ್ಬೇಕು, ಅಷ್ಟೇ. ಅವರ ಮೊಣಕಾಲು ಇಷ್ಟಾದ್ರೂ ನಡೆಯುವಾಗಲೇ ಆಗ್ಬೇಕು.”

ಅವನ ತಾಯಿಯನ್ನು ನಾನು ಬಲ್ಲೆ. ಅಂಗಡಿಯ ಎದುರಿನ ಎರಡು ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಿದ್ದರು. ಮೆಕ್ಕಾದಲ್ಲಿ ಎಷ್ಟು ನಡೆಯಬೇಕು ಎಂದು ಅವನು ವಿವರಿಸುತ್ತಾ ಹೋದ, ನಾನು ಅರ್ಜಿ ತುಂಬಿಸುತ್ತಾ ಹೋದೆ. ಇ-ಮೇಲ್ ಎಂಬ ಜಾಗ ಬಂದಾಗ ಏನು ಬರೆಯಲಿ ಎಂದು ಕೇಳಿದೆ.

“ನಿಮ್ಮದೇ ಹಾಕಿ ಅಣ್ಣ. ನಾನು ಎಲ್ಲಿ ಅದನ್ನೆಲ್ಲ ನೋಡ್ಲಿಕ್ಕೆ ಹೋಗುದು. ನೀವು ದಿನಾ ನೋಡ್ತೀರಿ ಅಲ್ವಾ.”

ಇದರಲ್ಲಿ ವಿಶೇಷವೇನಿಲ್ಲ. ಕಡಬದ ಅರ್ಧ ಪೇಟೆಯ ಅರ್ಜಿಗಳಲ್ಲಿ ನನ್ನದೇ ಇ-ಮೇಲ್ ಇದೆ, ಫೋನ್ ನಂಬರ್ ಕೂಡ ಎಷ್ಟೋ ಸಲ ನನ್ನದೇ. ಇವನ ಅರ್ಜಿಯಲ್ಲೂ ಎರಡೂ ನನ್ನದೇ ಹಾಕಿದೆ. ಪೆರಾಬೆಯ ಒಳಭಾಗದಲ್ಲಿ ಕೆಲಸಕ್ಕೆ ಹೋದವನಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಅಂಗಡಿಗೆ ಬಂದದ್ದು ಹೇಗೂ ಕಳೆದುಹೋಗುವುದಿಲ್ಲ ಎಂದು ಜನರ ನಂಬಿಕೆ. ಯಾರ ಮಗಳ ಪರೀಕ್ಷೆಯ ಹಾಲ್ ಟಿಕೆಟು, ಯಾರ ಪಾಸ್‌ಪೋರ್ಟಿನ ದಿನ, ಎಲ್ಲವೂ ನನ್ನಲ್ಲಿಗೆ ಬರುತ್ತದೆ, ನಾನು ಪ್ರಿಂಟ್ ತೆಗೆದು ಹೆಸರು ಬರೆದು ಮೇಜಿನ ಡ್ರಾಯರಿನಲ್ಲಿ ಇಡುತ್ತೇನೆ. ಹದಿನಾಲ್ಕು ವರ್ಷದಲ್ಲಿ ಒಂದೇ ಒಂದು ಕಾಗದ ತಪ್ಪಿಹೋಗಿರಲಿಲ್ಲ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಜೂನ್ ಶುರುವಾಗುವಾಗ ನಮ್ಮ ಟೀಮಿನ ಎಡಗಡೆಯ ವಿಂಗಿನವನಿಗೆ ಕತಾರಿನ ವೀಸಾ ಬಂತು. ಹೋದ. ಮರುವಾರ ಒಳ್ಳೆಯ ಬ್ಯಾಕ್ ಒಬ್ಬ ಸುಳ್ಯದ ಕಡೆಯಿಂದ ಮದುವೆಯಾದ. ಊಟಕ್ಕೆ ಹೋಗಿದ್ದೆವು, ಬಿರಿಯಾನಿ ಬಹಳ ಚೆನ್ನಾಗಿತ್ತು, ಆದರೆ ನಾವು ಕೈ ತೊಳೆಯುವಷ್ಟರಲ್ಲಿ ಅಲ್ಲಿಯ ಟೀಮಿನವರು ಮದುಮಗನ ಪಕ್ಕದಲ್ಲಿ ಕೂತಾಗಿತ್ತು. ನನಗೆ ನಿಜವಾಗಿಯೂ ಹೊಟ್ಟೆ ಉರಿಯಿತು. ಏಳರಲ್ಲಿ ಎರಡು ಹೋಯಿತು. ಇನ್ನು ಕೀಪರೂ ಹೋದರೆ ಉಳಿಯುವುದು ಜೆರ್ಸಿ ಮಾತ್ರ ಎಂದು ಅಂಗಡಿಗೆ ಬಂದವರ ಹತ್ತಿರವೆಲ್ಲ ಹೇಳುತ್ತಿದ್ದೆ.

ಒಂದು ಸೋಮವಾರ ಬೆಳಿಗ್ಗೆ ಆ ಇ-ಮೇಲ್ ಬಂತು. ಗುರುವಾರ ಹತ್ತು ಗಂಟೆಗೆ ಮಂಗಳೂರಿನಲ್ಲಿ ಸಂದರ್ಶನ, ಸರ್ಟಿಫಿಕೇಟುಗಳ ಅಸಲು ಪ್ರತಿ ತರಬೇಕು, ಬಾರದವರನ್ನು ಮತ್ತೆ ಕರೆಯಲಾಗುವುದಿಲ್ಲ. ಓದಿದೆ. ಪ್ರಿಂಟ್ ಕೊಡಲು ಮೌಸ್ ಹಿಡಿದೆ. ಆಗ ನನ್ನ ಕಣ್ಣೆದುರು ಬಂದದ್ದು ಅವನ ತಾಯಿಯೂ ಅಲ್ಲ, ಅಣ್ಣನೂ ಅಲ್ಲ. ಖಾಲಿ ಗೋಲು ಬಂತು. ಕಳೆದ ಸಲ ಎರಡನೆಯ ಕೀಪರ್ ನಿಂತ ಒಂದು ಮ್ಯಾಚಿನಲ್ಲಿ ನಾವು ಐದು ಗೋಲು ತಿಂದದ್ದು ನೆನಪಾಯಿತು. ಸಂಜೆ ಕೊಟ್ಟರಾಯಿತು ಎಂದುಕೊಂಡೆ. ಕಂಪ್ಯೂಟರಿನಲ್ಲಿ ಓದಿದ ಇ-ಮೇಲನ್ನು ಓದಿಲ್ಲದ ಹಾಗೆ ಮಾಡುವ ಒಂದು ಉಪಾಯವಿದೆ. ಅದನ್ನು ಒತ್ತಿದೆ. ಅಕ್ಷರಗಳು ಮತ್ತೆ ದಪ್ಪವಾದವು. ಸಂಜೆ ಕೊಡುವವನಿಗೆ ಆ ಉಪಾಯ ಏಕೆ ಬೇಕಾಯಿತು ಎಂದು ಆಗಲೇ ನನ್ನನ್ನು ನಾನು ಕೇಳಿಕೊಳ್ಳಬೇಕಿತ್ತು.

ಮರುದಿನ, ಮಂಗಳವಾರ, ಅವನೇ ಬಂದ. ಮಗನ ಶಾಲೆಗೆ ಕೊಡಲು ಆಧಾರಿನ ಜೆರಾಕ್ಸ್ ಬೇಕಾಗಿತ್ತು. ರೈನ್‌ಕೋಟಿನಿಂದ ನೀರು ಸುರಿಯುತ್ತಿತ್ತು, ಕಂಪ್ಯೂಟರಿಗೆ ತಾಗಬಾರದೆಂದು ಬಾಗಿಲಲ್ಲೇ ನಿಂತ.

“ಎಂತಾದ್ರೂ ಬಂತಾ ಅಣ್ಣ, ಏಜೆನ್ಸಿಯಿಂದ?”

“ಇಲ್ಲ ಮಾರಾಯ,” ಎಂದೆ. “ಬಂದ್ರೆ ನಾನೇ ಹೇಳ್ತೇನಲ್ಲ.”

“ಅದು ಗೊತ್ತುಂಟು,” ಎಂದು ನಕ್ಕು ಹೋದ.

ಇಷ್ಟೇ ನಡೆದದ್ದು. ಮಾತು ಹೊರಬೀಳಲು ಎರಡು ಸೆಕೆಂಡೂ ಬೇಕಾಗಲಿಲ್ಲ. ಸುಳ್ಳು ಹೇಳುವಾಗ ಕೈ ನಡುಗುತ್ತದೆ ಎನ್ನುತ್ತಾರೆ. ನನ್ನ ಕೈ ಅವನ ಆಧಾರಿನ ಜೆರಾಕ್ಸನ್ನು ನೆಟ್ಟಗೆ ಮಡಚಿ ಪ್ಲಾಸ್ಟಿಕ್ಕಿಗೆ ಹಾಕಿ ಕೊಟ್ಟಿತ್ತು. ಬುಧವಾರ ಮಳೆಗೆ ಮರ ಬಿದ್ದು ಇಡೀ ದಿನ ಕರೆಂಟ್ ಇರಲಿಲ್ಲ. ಕರೆಂಟ್ ಇಲ್ಲದ್ದು ನನಗೆ ಸಮಾಧಾನ ಕೊಟ್ಟಿತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ. ಫೋನಿನಲ್ಲಿ ಚಾರ್ಜ್ ಇತ್ತು, ಅವನ ನಂಬರ್ ಇತ್ತು, ಅವನ ಮನೆ ಅಂಗಡಿಯಿಂದ ನಡೆದರೆ ಕಾಲು ಗಂಟೆಯ ದಾರಿ.

ಗುರುವಾರ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಅವನು ಸ್ಕೂಟರಿನಲ್ಲಿ ಅಂಗಡಿಯ ಎದುರೇ ಹೋದ. ಕಾಲ ಬಳಿ ಟೂಲ್ಸಿನ ಚೀಲ ಇತ್ತು. ನನ್ನನ್ನು ಕಂಡು ಕೈ ಎತ್ತಿದ, ನಾನೂ ಎತ್ತಿದೆ. ಆ ಹೊತ್ತಿಗೆ ಮಂಗಳೂರಿನಲ್ಲಿ ಅವನ ಹೆಸರು ಕರೆಯುತ್ತಿದ್ದರು. ನನಗೆ ಮಾತ್ರ ಗೊತ್ತಿದ್ದ ವಿಷಯ ಅದು. ಅವತ್ತು ಮಧ್ಯಾಹ್ನ ಊಟ ಸೇರಲಿಲ್ಲ. ಹೆಂಡತಿ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು. ನಾನು ಹೌದೇನೋ ಎಂದೆ. ಒಂದು ಸುಳ್ಳಿನ ಮೇಲೆ ಇನ್ನೊಂದು ಹೇಳುವುದು ಎಷ್ಟು ಸುಲಭ ಎಂದು ತಿಳಿದದ್ದು ಆ ವಾರ.

ಜುಲೈಯಲ್ಲಿ ಅವನು ಕೇಳುವುದನ್ನು ನಿಲ್ಲಿಸಿದ. ತನ್ನನ್ನು ಅವರು ಆರಿಸಲಿಲ್ಲ ಎಂದು ತನಗೆ ತಾನೇ ತೀರ್ಮಾನ ಮಾಡಿಕೊಂಡಿದ್ದ. “ನನ್ನ ಸರ್ಟಿಫಿಕೇಟು ಹಳೇದಲ್ವಾ ಅಣ್ಣ, ಈಗಿನ ಮಿಶನೆಲ್ಲ ಬೇರೆ,” ಎಂದು ಒಮ್ಮೆ ಹೇಳಿದ. ತನ್ನಲ್ಲೇ ಕೊರತೆ ಹುಡುಕಿಕೊಳ್ಳುತ್ತಿದ್ದ. ಅದನ್ನು ಕೇಳಿ ತಡೆಯಲಾರದೆ ಮರುದಿನ ಏಜೆನ್ಸಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು. ಜನ ತೆಗೆದುಕೊಂಡಾಗಿದೆ, ಅವರಲ್ಲಿ ಕೆಲವರು ಹೊರಟೂ ಆಯಿತು, ಇನ್ನು ಯಾವಾಗ ಕರೆಯುತ್ತಾರೋ ಗೊತ್ತಿಲ್ಲ ಎಂದಳು. ಇನ್ನೊಂದು ವರ್ಷಕ್ಕೆ ಕರೆದರೆ ಇವನಿಗೆ ವಯಸ್ಸು ದಾಟಿರುತ್ತದೆ. ಫೋನ್ ಇಟ್ಟ ಮೇಲೆ, ಹೋಗಲಿ, ಟೀಮಿಗಾದರೂ ಉಳಿದನಲ್ಲ ಎಂದು ನನ್ನ ಮನಸ್ಸಿನೊಳಗೆ ಒಂದು ಮಾತು ಎದ್ದಿತು. ಎದ್ದದ್ದು ನಿಜ, ಮುಚ್ಚಿಟ್ಟು ಪ್ರಯೋಜನವಿಲ್ಲ.

ಆಗಸ್ಟಿನಲ್ಲಿ ನಮ್ಮ ಕ್ಯಾಪ್ಟನ್ ಒಂದು ಸುದ್ದಿ ತಂದ. ಅರಂತೋಡಿನ ಕಡೆಯ ಒಂದು ಟೀಮು ಆಟಗಾರರಿಲ್ಲದೆ ನಿಂತುಹೋಗಿತ್ತು. ಅದರ ಕೀಪರ್, ಇಪ್ಪತ್ತೆರಡರ ಹರೆಯದವನು, ನಮ್ಮಲ್ಲಿಗೆ ಬರಲು ಮನಸ್ಸು ಮಾಡಿದ್ದ. ಪುತ್ತೂರಿನಲ್ಲಿ ಮಳೆಗೂ ಆಡಬಹುದಾದ, ಮಾಡು ಹಾಕಿದ ಒಂದು ಟರ್ಫ್ ಮೈದಾನ ಇದೆ. ಒಂದು ಭಾನುವಾರ ಬೆಳಿಗ್ಗೆ ನಾವು ನಾಲ್ಕು ಜನ ಅಲ್ಲಿಗೆ ಹೋಗಿ ಬಲೆಯ ಹೊರಗೆ ನಿಂತು ಅವನ ಆಟ ನೋಡಿದೆವು. ಮೆಚ್ಚಲೇಬಾರದು ಎಂದುಕೊಂಡು ಹೋಗಿದ್ದೆ. ಅವನು ಮೂಲೆಗೆ ಬಂದ ಮೊದಲ ಬಾಲನ್ನು ಒಂದೇ ಕೈಯಲ್ಲಿ ಹೊರಗೆ ತಳ್ಳಿದಾಗ ನನ್ನ ಬಾಯಿಯಿಂದ ಅಬ್ಬ ಎಂದು ಹೊರಟಿತು. ಅರ್ಧ ಗಂಟೆಯಲ್ಲಿ ನಾನು ನಮ್ಮ ಹಳೆಯ ಕೀಪರನನ್ನು ಪೂರ್ತಿ ಮರೆತೇಬಿಟ್ಟಿದ್ದೆ. ಅಭಿಮಾನಿ ಎಂದರೆ ಇಷ್ಟೇ. ಹನ್ನೊಂದು ವರ್ಷ ನಾನು ಪ್ರೀತಿಸಿದ್ದು ಆ ಮನುಷ್ಯನನ್ನು ಎಂದುಕೊಂಡಿದ್ದೆ. ಅಲ್ಲ, ನಮ್ಮ ಗೋಲಿನೊಳಗೆ ಬಾಲು ಹೋಗದೆ ಇರುವುದನ್ನು.

ಅದೇ ವಾರ ಪೇಟೆಯ ಹೋಟೆಲೊಂದರ ಹಿಂದಿನ ಕೋಣೆಯಲ್ಲಿ ಟೀಮಿನ ಮೀಟಿಂಗ್ ನಡೆಯಿತು. ನಾನು ಕಮಿಟಿಯವನಲ್ಲ, ಆದರೂ ಬರೆದುಕೊಳ್ಳಲು ನನ್ನನ್ನು ಕರೆಯುತ್ತಾರೆ. ಹಳಬನೋ ಹೊಸಬನೋ ಎಂಬಲ್ಲಿ ಮಾತು ನಿಂತಿತು. ಯಾರಿಗೂ ಮೊದಲು ಬಾಯಿ ಬಿಡಲು ಮನಸ್ಸಿಲ್ಲ.

“ನೀವೇ ಹೇಳಿ ಮಾರಾಯ್ರೆ,” ಎಂದ ಕ್ಯಾಪ್ಟನ್ ನನ್ನತ್ತ ತಿರುಗಿ. “ನಿಮ್ಮಷ್ಟು ಮ್ಯಾಚ್ ನೋಡಿದವರು ಇಲ್ಲಿ ಯಾರೂ ಇಲ್ಲ.”

ನಾನು ಸುಮ್ಮನಿರಬಹುದಿತ್ತು. ನನ್ನನ್ನು ಕೇಳಬೇಡಿ, ನಾನು ಆಡಿದವನಲ್ಲ ಎನ್ನಬಹುದಿತ್ತು. ಈ ಹಳಬನಿಗೆ ಇನ್ನೊಂದು ಸೀಸನ್ ಕೊಡುವುದು ನನ್ನ ಕೈಯಲ್ಲಿತ್ತು, ಏಕೆಂದರೆ ಆ ಕೋಣೆಯಲ್ಲಿ ಎಲ್ಲರೂ ಅದನ್ನೇ ಯಾರಾದರೂ ಹೇಳಲಿ ಎಂದು ಕಾಯುತ್ತಿದ್ದರು ಎಂದು ಈಗ ಅನ್ನಿಸುತ್ತದೆ. “ಗೆಲ್ಲುದಾದ್ರೆ ಹೊಸಬನನ್ನು ಹಾಕ್ಬೇಕು,” ಎಂದೆ. ಹೇಳಿ ಚಹಾ ಕುಡಿದೆ. ಅಲ್ಲಿಗೆ ತೀರ್ಮಾನವಾಯಿತು. ಮನೆಗೆ ನಡೆದು ಬರುವಾಗ ದಾರಿಯ ನಡುವೆ ನನ್ನ ಕಾಲು ನಿಂತಿತು. ಟೀಮಿಗೆ ಬೇಕು ಎಂದು ಅವನ ಪ್ರಯಾಣ ತಪ್ಪಿಸಿದವನು ನಾನು. ಟೀಮಿಗೆ ಬೇಡ ಎಂದವನೂ ನಾನೇ. ಎರಡೂ ಕಡೆಯಿಂದ ಅವನನ್ನು ಕೆಳಗೆ ಹಾಕಿದ್ದೆ, ಅದೂ ಒಂದೇ ಮಳೆಗಾಲದಲ್ಲಿ.

ನಮ್ಮ ಟೀಮಿನಲ್ಲಿ ಯಾರನ್ನೂ ತೆಗೆಯುವುದಿಲ್ಲ. ನಿನ್ನನ್ನು ತೆಗೆದಿದ್ದೇವೆ ಎಂದು ಎದುರು ನಿಂತು ಹೇಳುವ ಧೈರ್ಯ ಯಾರಿಗೂ ಇಲ್ಲ. ನಾಳೆ ಅವನ ಮನೆಯ ಮದುವೆಗೆ ಹೋಗಿ ಊಟ ಮಾಡಬೇಕಾದವರು. ಅದಕ್ಕೊಂದು ಪದ್ಧತಿ ಮಾಡಿಕೊಂಡಿದ್ದೇವೆ. ಸೆಪ್ಟೆಂಬರಿನಲ್ಲಿ ಹೊಸ ಜೆರ್ಸಿ ಹೊಲಿಸುವಾಗ ಕ್ಯಾಪ್ಟನ್ ಒಬ್ಬೊಬ್ಬರಿಗೂ ಫೋನ್ ಮಾಡಿ ಅಳತೆ ಕೇಳುತ್ತಾನೆ, ಮೀಡಿಯಮ್ಮೋ ಲಾರ್ಜೋ ಎಂದು. ಯಾರಿಗೆ ಫೋನ್ ಹೋಗುವುದಿಲ್ಲವೋ ಅವನು ಆ ವರ್ಷ ಇಲ್ಲ. ಅವನೂ ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಸೀಸನ್ ಶುರುವಾದಾಗ ಪ್ಯಾಂಟು ಹಾಕಿಕೊಂಡು ಬಂದು ನಮ್ಮ ಜೊತೆ ಗೆರೆಯ ಹೊರಗೆ ನಿಲ್ಲುತ್ತಾನೆ. ಅಳತೆಯ ಪಟ್ಟಿಯನ್ನು ಟೈಪ್ ಮಾಡುವುದು ನನ್ನ ಕೆಲಸ.

ಪಟ್ಟಿ ಟೈಪ್ ಮಾಡುತ್ತಾ ಕೂತಿದ್ದ ಒಂದು ಮಧ್ಯಾಹ್ನ ಅವನು ಅಂಗಡಿಗೆ ಬಂದ. ಬೇರೆ ಗಿರಾಕಿಗಳಿರಲಿಲ್ಲ. ಸ್ಟೂಲು ಎಳೆದು ಕೂತ.

“ನಂಗೆ ಈ ಸಲ ಜೆರ್ಸಿ ಎಕ್ಸ್‌ಎಲ್ ಹಾಕಿ ಅಣ್ಣ,” ಎಂದ. “ಹೊಟ್ಟೆ ಬಂದುಂಟಂತೆ, ಹೆಂಡತಿ ಹೇಳುದು.”

ನಾನು ಪೆನ್ನು ತೆಗೆದು ಕಾಗದದ ಮೇಲೆ ಎಕ್ಸ್‌ಎಲ್ ಎಂದು ಬರೆದೆ. ಏನು ಮಾಡುತ್ತಿದ್ದೇನೆಂದು ತಿಳಿಯದೆ ಬರೆದೆ.

“ಯಾರೂ ಫೋನ್ ಮಾಡ್ಲಿಲ್ಲ. ಮರ್ತಿರ್ಬೇಕು. ಹಾಗೆ ನಾನೇ ಬಂದು ಹೇಳುವ ಅಂತ.”

ಹನ್ನೊಂದು ವರ್ಷ ಟೀಮಿನಲ್ಲಿದ್ದವನಿಗೆ ಫೋನ್ ಬಾರದಿದ್ದರೆ ಅರ್ಥವೇನು ಎಂದು ಗೊತ್ತಿಲ್ಲದೆ ಇರಲು ಸಾಧ್ಯವಿಲ್ಲ. ಗೊತ್ತಿದ್ದೂ ಬಂದಿದ್ದ. ಇನ್ನೂ ಒಂದು ದಾರಿ ಇದೆಯೋ ಎಂದು ನೋಡಲು, ನನ್ನ ಹತ್ತಿರ ಬಂದಿದ್ದ.

“ಮರ್ತದ್ದಲ್ಲ,” ಎಂದೆ.

ಅವನು ತಲೆ ಆಡಿಸಿದ. “ಅರಂತೋಡಿನವನು ಒಳ್ಳೆ ಕೀಪರ್. ನಾನೂ ನೋಡಿದ್ದೇನೆ,” ಎಂದ. ಆಮೇಲೆ, “ಆ ಸೌದಿಯದ್ದು ಸಿಕ್ಕಿದ್ರೆ ನಾನೇ ಬಿಡ್ತಿದ್ದೆ, ನಿಮಗೆಲ್ಲ ಈ ತಾಪತ್ರಯ ಇರ್ತಿರ್ಲಿಲ್ಲ,” ಎಂದ. ನಮ್ಮ ತಾಪತ್ರಯದ ಬಗ್ಗೆ ಅವನಿಗೆ ಚಿಂತೆ. ಅದನ್ನು ಕೇಳಿ ಕೂರಲು ನನ್ನಿಂದ ಆಗಲಿಲ್ಲ.

“ಅದು ಬಂದಿತ್ತು,” ಎಂದೆ.

“ಎಂತದ್ದು?”

“ಇಂಟರ್‌ವ್ಯೂಗೆ ಕರೆದದ್ದು. ಜೂನಿನಲ್ಲಿ.”

ಅವನು ಸ್ಟೂಲಿನಿಂದ ಎದ್ದ. “ಆಧಾರ್ ಜೆರಾಕ್ಸಿಗೆ ಬಂದಾಗ ನಾನು ಕೇಳಿದ್ದೆ.”

“ಹೌದು. ಅದರ ಹಿಂದಿನ ದಿನವೇ ಬಂದಿತ್ತು.”

“ನೀವು ನೋಡಿರ್ಲಿಲ್ವಾ?”

ಅಲ್ಲಿ ಒಂದು ಬಾಗಿಲು ತೆರೆದಿತ್ತು. ನೋಡಿರಲಿಲ್ಲ ಎಂದಿದ್ದರೆ ಅವನು ನಂಬುತ್ತಿದ್ದ. “ನೋಡಿದ್ದೆ,” ಎಂದೆ. “ನೀನು ಹೋದ್ರೆ ಗೋಲಲ್ಲಿ ಯಾರು ನಿಲ್ಲುದು ಅಂತ ಹೇಳ್ಲಿಲ್ಲ.”

“ಮತ್ತೆ ಈಗ ಆ ಹೊಸಬನನ್ನು ಹಾಕಿ ಅಂತ ಮೀಟಿಂಗಲ್ಲಿ ಯಾರು ಹೇಳಿದ್ದು?”

“ಅದೂ ನಾನೇ.”

ಅವನು ಬೈಯಲಿ ಎಂದು ಕಾದೆ. ಮೂರು ಭಾಷೆಗಳಲ್ಲಿ ಬೈಯಬಲ್ಲವನು ಒಂದರಲ್ಲೂ ಬೈಯಲಿಲ್ಲ. ಬಾಗಿಲಿನ ತನಕ ಹೋಗಿ, ಮಳೆಯನ್ನು ನೋಡಿ, ತಿರುಗಿ ಬಂದ. ತಪ್ಪಾಯಿತು ಎಂದೆ. ಮತ್ತೊಮ್ಮೆ ಎಂದೆ. ಅವನು ಇನ್ನೊಂದು ಕಂಪ್ಯೂಟರಿನ ಎದುರು ಕುರ್ಚಿ ಎಳೆದು ಕೂತ.

“ಉಮ್ಮ ಕೇಳ್ತಾ ಇರ್ತಾರೆ,” ಎಂದ, ನನಗಲ್ಲ, ಎದುರಿನ ಸ್ಕ್ರೀನಿಗೆ ಹೇಳುವವನಂತೆ. ಆಮೇಲೆ ನನಗೆ ಹೇಳಿದ: “ನಂಗೊಂದು ಇ-ಮೇಲ್ ಮಾಡಿ ಕೊಡಿ. ನನ್ನದೇ ಹೆಸರಲ್ಲಿ. ಬೇರೆ ಏಜೆನ್ಸಿ ಉಂಟಾ ನೋಡ್ತೇನೆ.”

ಹಿಂದೆ ನಿಂತು, ಬಗ್ಗಿ, ಒಂದೊಂದೇ ಜಾಗ ತುಂಬಿಸಿದೆ. ಹೆಸರು, ಹುಟ್ಟಿದ ದಿನ, ಅವನದೇ ಫೋನ್ ನಂಬರ್. ಪಾಸ್‌ವರ್ಡಿನ ಜಾಗ ಬಂತು. ಏನು ಹಾಕಲಿ ಎಂದು ಅಭ್ಯಾಸಬಲದಿಂದ ಕೇಳಿದೆ.

ಅವನು ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ.

“ನೀವು ಸ್ವಲ್ಪ ಆಚೆ ತಿರುಗಿ,” ಎಂದ. ಅಣ್ಣ ಎನ್ನಲಿಲ್ಲ.

ತಿರುಗಿದೆ. ಟೈಪ್ ಮಾಡಿ ಅಭ್ಯಾಸವಿಲ್ಲದವನು ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುವ ಸದ್ದು ಕೇಳುತ್ತಿತ್ತು. ಬಹಳ ಹೊತ್ತು ಹಿಡಿಯಿತು. ಆಯಿತೇ ಎಂದು ಕೇಳುವ ಧೈರ್ಯ ಬರಲಿಲ್ಲ. ಅವನು ಆಯಿತು ಎನ್ನುವವರೆಗೂ ನಾನು ನನ್ನದೇ ಅಂಗಡಿಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೆ.